ಮಂಗನ ಕಾಯಿಲೆ ವಾಸಿಯಾಗಿ ವರ್ಷವಾದ ಮೇಲೂ ರಕ್ತ ಯಾಕೆ ಕೇಳುತ್ತಾರೆ?

ಆಶಾ, ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿದ್ದೇನೆ. ಹೋದ ಬೇಸಿಗೆಯಲ್ಲಿ ನಮ್ಮ ಕಡೆ ಕೆಲವರಿಗೆ, ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಬಂದಿತ್ತು. ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋದವರೇ ಹೆಚ್ಚು. ಸದ್ಯ, ಎಲ್ಲರೂ ಹುಷಾರಾಗಿ ಮನೆಗೆ ಬಂದರು. ಈಗ ಒಂದು ಸಂಶೋಧನಾ ತಂಡದವರು ಬಂದು ಅದೇ ಜನರ ರಕ್ತ ಇನ್ನೊಮ್ಮೆ ಬೇಕು ಅನ್ನುತ್ತಿದ್ದಾರೆ. ಅವರನ್ನು ಮನೆಮನೆಗೆ ಕರೆದುಕೊಂಡು ಹೋಗುವವಳು ನಾನು, ಹಾಗಾಗಿ ಜನರ ಪ್ರಶ್ನೆಯೆಲ್ಲ ನನಗೇ ಬರುತ್ತದೆ.

ಕಾಯಿಲೆ ಇದ್ದಾಗ ರಕ್ತ ತೆಗೆದರು, ಅದು ಸರಿ. ವಾಸಿಯಾಗಿ ವರ್ಷ ಆಗುತ್ತ ಬಂತು, ಈಗ ಆ ರಕ್ತದಲ್ಲಿ ನೋಡುವುದಕ್ಕೆ ಏನಿದೆ? ಆಗ ಒಂದು ಸಣ್ಣ ಟ್ಯೂಬ್ ಸಾಕಾಗಿತ್ತು, ಈಗ ಹಸಿರು ಮುಚ್ಚಳದ ದೊಡ್ಡ ಟ್ಯೂಬ್ ತುಂಬಾ ಯಾಕೆ ಬೇಕು? ಜ್ವರವೇ ಬಾರದ ಪಕ್ಕದ ಮನೆಯವರದ್ದೂ ಕೇಳುತ್ತಾರಲ್ಲ, ಅದು ಯಾಕೆ?

ನನ್ನದೂ ಒಂದು ಅನುಮಾನ ಇದೆ. ಲಸಿಕೆಯನ್ನು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲೇ ಒಯ್ಯಬೇಕು ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದಾರೆ. ಇವರು ರಕ್ತದ ಟ್ಯೂಬುಗಳನ್ನು ಐಸ್ ಇಲ್ಲದೆ ಬರೀ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಕೆಡುವುದಿಲ್ಲವಾ? ಕೇಳಿದ್ದಕ್ಕೆ "ಟಿ ಸೆಲ್ ನೋಡಬೇಕು ಅಕ್ಕ, ತಡ ಆಗತ್ತೆ" ಅಂದು ಗಾಡಿ ಹತ್ತಿದರು. ನಾಳೆ ಮತ್ತೊಂದು ಕೇರಿಗೆ ಹೋಗಬೇಕು. ನನಗೇ ಗೊತ್ತಿಲ್ಲದ್ದನ್ನು ಜನರಿಗೆ ಹೇಗೆ ಹೇಳಲಿ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸಾಗರದವನು:

ನಮ್ಮ ಕಡೆಯೂ ಹೀಗೇ ಬಂದು ರಕ್ತ ತೆಗೆದುಕೊಂಡು ಹೋದವರು ತಿರುಗಿ ಬರಲಿಲ್ಲ. ಏನು ಸಿಕ್ಕಿತು ಅಂತ ಒಬ್ಬರೂ ಹೇಳಲಿಲ್ಲ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತ ಇದೇ ಕಾಯಿಲೆಯಿಂದ ಎಷ್ಟು ಸಾವು ಕಂಡಿದ್ದೇವೆ ಅಂತ ನಮಗೆ ಗೊತ್ತು, ಸಂಶೋಧನೆ ಬೇಡ ಅನ್ನುವುದಿಲ್ಲ. ಆದರೆ ಕಾರಣ ಹೇಳದವರಿಗೆ ನಾನಂತೂ ಕೈ ಚಾಚುವುದಿಲ್ಲ. ನೀವೂ ಮೊದಲು ಕೇಳಿ ತಿಳಿದುಕೊಂಡೇ ಮುಂದುವರಿಯಿರಿ ಅಕ್ಕ.

ಹೊಸನಗರದವಳು:

ಅಕ್ಕ, ನಮ್ಮೂರು ಹೊಸನಗರದ ಹತ್ತಿರ. ಸೋಂಕು ತಗುಲಿದಾಗ ಬಿಳಿ ರಕ್ತಕಣಗಳು, ಅದರಲ್ಲೂ ಟಿ ಕೋಶಗಳು ಏನು ಮಾಡುತ್ತವೆ ಎಂದು ನೋಡುವುದೇ ನನ್ನ ಕೆಲಸ. ಕ್ಷಯ ಮತ್ತು ಡೆಂಗಿ ರೋಗಿಗಳ ರಕ್ತದ ಮೇಲೆ ಹೆಚ್ಚು ದುಡಿದಿದ್ದೇನೆ. ನಿಮ್ಮಲ್ಲಿಗೆ ಬಂದ ತಂಡಕ್ಕೂ ನನಗೂ ಸಂಬಂಧವಿಲ್ಲ. ಆದರೆ ಹಸಿರು ಮುಚ್ಚಳ, ಐಸ್ ಇಲ್ಲದ ಪೆಟ್ಟಿಗೆ, ಅವಸರ, ಈ ಮೂರನ್ನು ಓದಿದ ಕೂಡಲೇ ಅವರು ಏನು ಮಾಡುತ್ತಿದ್ದಾರೆ ಎಂದು ತಿಳಿಯಿತು. ಸಾಗರದವರ ಮಾತಿಗೂ ಕೊನೆಯಲ್ಲಿ ಬರುತ್ತೇನೆ, ಅವರು ಹೇಳಿದ್ದು ನ್ಯಾಯವಾಗಿದೆ.

ಐಸ್ ವಿಷಯದಿಂದಲೇ ಶುರು ಮಾಡೋಣ. ಕಾಯಿಲೆ ಇದೆಯೋ ಇಲ್ಲವೋ ನೋಡುವಾಗ ಬೇಕಾದದ್ದು ವೈರಾಣುವಿನ ಗುರುತು ಅಥವಾ ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯ. ಜ್ವರದ ಮೊದಲ ದಿನಗಳಲ್ಲಿ ವೈರಾಣುವನ್ನು ಹುಡುಕುವ ಪಿಸಿಆರ್ ಪರೀಕ್ಷೆ, ಆಮೇಲೆ ಪ್ರತಿಕಾಯವನ್ನು ಹುಡುಕುವ ಐಜಿಎಂ ಎಲೈಸಾ. ಇವೆರಡಕ್ಕೂ ರಕ್ತದ ಕಣಗಳು ಬದುಕಿರಬೇಕಾಗಿಲ್ಲ, ತಣ್ಣಗಿಟ್ಟಷ್ಟೂ ಒಳ್ಳೆಯದು. ಟಿ ಕೋಶದ ಪರೀಕ್ಷೆಗೆ ಕೋಶ ಬದುಕಿರಬೇಕು. ಅದರ ಮುಂದೆ ವೈರಾಣುವಿನ ತುಣುಕು ಇಟ್ಟು "ಇದನ್ನು ಹಿಂದೆ ನೋಡಿದ್ದೀಯಾ?" ಎಂದು ಕೇಳಬೇಕು, ಅದು ಉತ್ತರ ಕೊಡಬೇಕು. ರಕ್ತವನ್ನು ಐಸಿನಲ್ಲಿಟ್ಟರೆ ಟಿ ಕೋಶಗಳು ಸರಿಯಾಗಿ ಬೇರ್ಪಡುವುದಿಲ್ಲ, ಉತ್ತರಿಸುವ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಮನೆಯೊಳಗಿನ ಸಾಮಾನ್ಯ ಬಿಸಿಯಲ್ಲೇ ಇಟ್ಟು, ಸಾಧ್ಯವಾದರೆ ಎಂಟು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸುತ್ತೇವೆ. ಥರ್ಮೋಕೋಲ್ ಪೆಟ್ಟಿಗೆ ಇರುವುದು ಹೊರಗಿನ ಬಿಸಿಲು ಒಳಗೆ ಬಾರದಿರಲಿ ಎಂದು. ಹಸಿರು ಮುಚ್ಚಳದ ಟ್ಯೂಬಿನಲ್ಲಿ ಹೆಪಾರಿನ್ ಇರುತ್ತದೆ. ಅದು ರಕ್ತ ಹೆಪ್ಪುಗಟ್ಟದಂತೆ ತಡೆದು ಕೋಶಗಳನ್ನು ಸಹಜ ಸ್ಥಿತಿಯಲ್ಲಿ ಉಳಿಸುತ್ತದೆ. ಅವರು ನಿಮಗೆ ನಿಂತು ಉತ್ತರಿಸಬೇಕಿತ್ತು, ಅದು ಬೇರೆ ಮಾತು, ಆದರೆ ಅವಸರ ಸುಳ್ಳಲ್ಲ.

ಪ್ರಯೋಗಾಲಯ ಮುಟ್ಟಿದ ಮೇಲೆ ಸಂಜೆಯ ಕೆಲಸ ಶುರು. ಫೈಕಾಲ್ ಎಂಬ ದ್ರವದ ಮೇಲೆ ರಕ್ತವನ್ನು ಟ್ಯೂಬಿನ ಗೋಡೆಗುಂಟ ಇಳಿಬಿಡಬೇಕು, ಎರಡೂ ಬೆರೆಯಬಾರದು. ಕೈ ನಡುಗಿದರೆ ಕೆಟ್ಟಿತು. ಸುಮಾರು ಅರ್ಧ ಗಂಟೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಡುತ್ತೇವೆ. ಕೆಂಪು ಕಣಗಳು ತಳ ಸೇರುತ್ತವೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ, ನಡುವೆ ತೆಳುವಾದ ಮಸುಕು ಬಿಳಿ ಪದರ. ನಮಗೆ ಬೇಕಾದದ್ದು ಆ ಪದರ ಮಾತ್ರ.

ಟ್ಯೂಬ್ ದೊಡ್ಡದು ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಒಂದು ಮಿಲಿಲೀಟರ್ ರಕ್ತದಿಂದ ಆ ಪದರದಲ್ಲಿ ಸಿಗುವುದು ಸುಮಾರು 10 ಲಕ್ಷ ಕೋಶ. 10 ಮಿಲಿಲೀಟರಿಗೆ ಒಂದು ಕೋಟಿ. ಬಹಳ ಅನಿಸಬಹುದು, ಆದರೆ ಜ್ವರ ಇಳಿದು ತಿಂಗಳುಗಳಾದ ಮೇಲೆ ಮಂಗನ ಕಾಯಿಲೆಯ ವೈರಾಣುವನ್ನು ಗುರುತಿಸುವ ಕೋಶಗಳು ಅದರಲ್ಲಿ ತೀರಾ ವಿರಳ. ಹತ್ತು ಸಾವಿರಕ್ಕೆ ಒಂದು ಇದೆ ಎಂದುಕೊಂಡರೂ ಕೋಟಿಯಲ್ಲಿ ಸಿಗುವುದು ಒಂದು ಸಾವಿರ. ಅಷ್ಟನ್ನು ಹಲವು ಪರೀಕ್ಷೆಗಳಿಗೆ ಹಂಚಬೇಕು. ದೊಡ್ಡವರ ಮೈಯಲ್ಲಿ ಐದು ಲೀಟರಿನಷ್ಟು ರಕ್ತ ಇರುತ್ತದೆ, 10 ಮಿಲಿ ಎಂದರೆ ಎರಡು ಟೀ ಚಮಚ.

ವರ್ಷವಾದ ಮೇಲೆ ಮತ್ತೆ ಯಾಕೆ ಎಂಬುದು ನನಗೆ ಬಹಳ ಮುಖ್ಯ ಅನಿಸುವ ಪ್ರಶ್ನೆ. ಜ್ವರ ಇದ್ದಾಗಿನ ರಕ್ತ ಹೇಳುವುದು ಆಗ ನಡೆದ ಹೋರಾಟದ ವಿಷಯ. 2020ರಲ್ಲಿ ಮಣಿಪಾಲದ ಸಂಶೋಧಕರು ಅಮೆರಿಕದವರ ಜೊತೆ ಸೇರಿ ಮಂಗನ ಕಾಯಿಲೆ ರೋಗಿಗಳ ಬಿ ಕೋಶ (ಪ್ರತಿಕಾಯ ತಯಾರಿಸುವಂಥದ್ದು) ಮತ್ತು ಟಿ ಕೋಶಗಳನ್ನು ಕಾಯಿಲೆಯುದ್ದಕ್ಕೂ ಹಿಂಬಾಲಿಸಿದ ಅಧ್ಯಯನ ಪ್ರಕಟಿಸಿದರು. ಸಿಡಿ8 ಎಂದು ಕರೆಯುವ, ಸೋಂಕು ತಗುಲಿದ ಕೋಶವನ್ನು ಕೊಲ್ಲುವ ಟಿ ಕೋಶಗಳು ಜೋರಾಗಿ ಎದ್ದದ್ದು ಅದರಲ್ಲಿ ಕಂಡಿತು. ಹೀಗೆ ಎದ್ದ ಕೋಶಗಳಲ್ಲಿ ಬಹುಪಾಲು ಕೆಲಸ ಮುಗಿದ ಮೇಲೆ ಸಾಯುತ್ತವೆ. ಕೆಲವು ಮಾತ್ರ ನೆನಪಿನ ಕೋಶಗಳಾಗಿ ಉಳಿಯುತ್ತವೆ. ಎಷ್ಟು ಉಳಿದವು, ವೈರಾಣುವಿನ ಯಾವ ಭಾಗವನ್ನು ನೆನಪಿಟ್ಟಿವೆ ಎಂಬುದು ಹುಷಾರಾಗಿ ತಿಂಗಳುಗಳು ಕಳೆದವರ ರಕ್ತದಲ್ಲಿ ಮಾತ್ರ ಸಿಗುತ್ತದೆ. 2003ರ ಸಾರ್ಸ್ ಬಂದು ವಾಸಿಯಾದ ಕೆಲವರನ್ನು ಸಿಂಗಪುರದಲ್ಲಿ 17 ವರ್ಷ ಆದ ಮೇಲೆ ಪರೀಕ್ಷಿಸಿದಾಗ, ಆ ವೈರಾಣುವನ್ನು ಗುರುತಿಸುವ ಟಿ ಕೋಶಗಳು ಇನ್ನೂ ಇದ್ದವು. ಆ ಜನ ಎರಡನೇ ಸಲ ಕೈ ಚಾಚಿದ್ದರಿಂದ ಜಗತ್ತಿಗೆ ಅದು ಗೊತ್ತಾಯಿತು. ಹಾಗಾಗಿ ಹುಷಾರಾದವರ ರಕ್ತ ನನ್ನ ಕಣ್ಣಿಗೆ ಜ್ವರದವರ ರಕ್ತಕ್ಕಿಂತ ಒಂದು ತೂಕ ಹೆಚ್ಚು.

ಈಗ ಊರಿನವರ ರಕ್ತವೇ ಯಾಕೆ, ಇನ್ನೆಲ್ಲೋ ಮಾಡಿದ ಅಧ್ಯಯನ ಸಾಲದೇ ಎನ್ನುವುದಕ್ಕೆ ಬರುತ್ತೇನೆ. ಇದಕ್ಕೊಂದು ಹಳೆಯ ಕಥೆ ಹೇಳಬೇಕು. 1973ರ ಸುಮಾರಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇಬ್ಬರು ಸಂಶೋಧಕರು ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಪೀಟರ್ ಡೊಹರ್ಟಿ ದನದ ಡಾಕ್ಟರಾಗಿ ಓದಿದವರು, ರಾಲ್ಫ್ ಜಿಂಕರ್‌ನಾಗೆಲ್ ಸ್ವಿಟ್ಜರ್ಲೆಂಡಿನಿಂದ ಬಂದ ವೈದ್ಯರು. ಒಂದು ವೈರಾಣು ತಗುಲಿದ ಇಲಿಗಳಿಗೆ ಮೆದುಳಿನ ಉರಿಯೂತ ಯಾಕೆ ಬರುತ್ತದೆ ಎಂಬುದು ಅವರ ಪ್ರಶ್ನೆ. ಸೋಂಕು ತಗುಲಿದ ಇಲಿಯ ಟಿ ಕೋಶ ತೆಗೆದು, ಅದೇ ವೈರಾಣು ತಗುಲಿದ ಬೇರೆ ಕೋಶಗಳ ಜೊತೆ ಬೆರೆಸಿದರು. ಟಿ ಕೋಶದ ಇಲಿಯೂ ಆ ಕೋಶಗಳೂ ಒಂದೇ ಅಂಗಾಂಶ ಗುರುತಿನವಾಗಿದ್ದರೆ ಕೊಂದವು. ಬೇರೆ ತಳಿಯ ಇಲಿಯ ಟಿ ಕೋಶ ಹಾಕಿದರೆ, ವೈರಾಣು ಅದೇ ಆಗಿದ್ದರೂ, ಮುಟ್ಟಲಿಲ್ಲ. 1974ರಲ್ಲಿ ಇದು ಪ್ರಕಟವಾಯಿತು, 1996ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಪಶುವೈದ್ಯರೊಬ್ಬರಿಗೆ ನೊಬೆಲ್ ಸಿಕ್ಕಿದ್ದು ಅದೇ ಮೊದಲು.

ಅರ್ಥ ಇಷ್ಟು. ಟಿ ಕೋಶ ವೈರಾಣುವನ್ನು ಇಡಿಯಾಗಿ ನೋಡುವುದಿಲ್ಲ. ಸೋಂಕು ತಗುಲಿದ ಕೋಶ ಒಳಗಿನ ವೈರಾಣುವಿನ ಸಣ್ಣ ತುಣುಕನ್ನು ತಂದು ತನ್ನ ಜಗಲಿ ಮೇಲಿಟ್ಟು ತೋರಿಸುತ್ತದೆ. ಮನುಷ್ಯರಲ್ಲಿ ಆ ಜಗಲಿಯ ಹೆಸರು ಎಚ್‌ಎಲ್‌ಎ. ಅದು ಮನೆಯಿಂದ ಮನೆಗೆ, ಜನಾಂಗದಿಂದ ಜನಾಂಗಕ್ಕೆ ಬೇರೆ. ಒಬ್ಬರ ಎಚ್‌ಎಲ್‌ಎ ಮೇಲೆ ಕೂರುವ ತುಣುಕು ಇನ್ನೊಬ್ಬರದ್ದರ ಮೇಲೆ ಕೂರದಿರಬಹುದು. ಆದ್ದರಿಂದ ಅಮೆರಿಕದ ಅಟ್ಲಾಂಟಾದವರ ರಕ್ತದಲ್ಲಿ ಕಂಡದ್ದನ್ನು ತೀರ್ಥಹಳ್ಳಿಯವರಿಗೆ ಹಾಗೇ ಹೊಂದಿಸಲು ಬರುವುದಿಲ್ಲ. ಈ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದದ್ದು, ಇವತ್ತಿಗೂ ನಮ್ಮ ಪಶ್ಚಿಮ ಘಟ್ಟದ್ದೇ. ಉತ್ತರವೂ ಇಲ್ಲಿನವರ ಕೋಶದಲ್ಲೇ ಸಿಗಬೇಕು.

ಪರೀಕ್ಷೆಗೆ ಜೀವಂತ ವೈರಾಣು ಬೇಕಿಲ್ಲ ಎಂಬುದನ್ನೂ ಜನರಿಗೆ ಹೇಳಿ, ಆ ಭಯ ಕೆಲವರಿಗೆ ಇರುತ್ತದೆ. ಈ ವೈರಾಣುವಿನ ಪ್ರೋಟೀನ್ ಸರಪಳಿಯಲ್ಲಿ ಸುಮಾರು 3,400 ಅಮೈನೊ ಆಮ್ಲಗಳಿವೆ. ಅದನ್ನು ಹದಿನೈದು ಹದಿನೈದರ ತುಣುಕುಗಳಾಗಿ ಕೃತಕವಾಗಿ ತಯಾರಿಸುತ್ತಾರೆ. ಅವುಗಳಿಂದ ಸೋಂಕು ಬರಲು ಸಾಧ್ಯವೇ ಇಲ್ಲ. ರಾತ್ರಿಯಿಡೀ ಕೋಶಗಳನ್ನು ಈ ತುಣುಕುಗಳ ಜೊತೆ ಬಿಟ್ಟು, ಬೆಳಿಗ್ಗೆ ಯಾವ ಕೋಶ ಇಂಟರ್‌ಫೆರಾನ್ ಗ್ಯಾಮಾ ಎಂಬ ವಸ್ತು ಸ್ರವಿಸಿದೆ ನೋಡುತ್ತಾರೆ. ಗುರುತಿಸಿದ ಒಂದೊಂದು ಕೋಶಕ್ಕೂ ತಟ್ಟೆಯ ಮೇಲೆ ಒಂದೊಂದು ಚುಕ್ಕೆ. ಆ ಚುಕ್ಕೆಗಳನ್ನು ಎಣಿಸುವಾಗ, ಒಬ್ಬ ಮನುಷ್ಯ ಜ್ವರದಲ್ಲಿ ಮಲಗಿದ್ದ ದಿನಗಳು ಹೀಗೆ ಗುರುತು ಬಿಟ್ಟು ಹೋಗಿವೆಯಲ್ಲ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಪಕ್ಕದ ಮನೆಯವರ ರಕ್ತದ್ದು ಸಣ್ಣ ಉತ್ತರ. ಹೋಲಿಸಿ ನೋಡಲು ಬೇಕು. ಅದೇ ಕಾಡು, ಅದೇ ಉಣುಗು, ಆದರೂ ಇವರಿಗೆ ಜ್ವರ ಬರಲಿಲ್ಲ. ಲಸಿಕೆ ಹಾಕಿಸಿಕೊಂಡಿದ್ದರಾ, ಗೊತ್ತಾಗದ ಹಾಗೆ ಸೋಂಕು ಬಂದು ಹೋಗಿತ್ತಾ? ಡೆಂಗಿ ವೈರಾಣುವೂ ಇದೇ ಕುಟುಂಬದ್ದು, ಹಿಂದೆ ಡೆಂಗಿ ಆಗಿದ್ದವರ ಟಿ ಕೋಶ ಇದರ ತುಣುಕನ್ನೂ ಗುರುತಿಸಿಬಿಡಬಹುದು. ಅದನ್ನು ಬೇರೆ ಮಾಡದಿದ್ದರೆ ಲೆಕ್ಕ ತಪ್ಪುತ್ತದೆ.

ಸಾಗರದವರಿಗೆ: ರಕ್ತ ಕೊಟ್ಟವರಿಗೆ ಏನು ಕಂಡಿತು ಎಂದು ತಿಳಿಯುವ ಹಕ್ಕು ಇದೆ. ನನ್ನ ಮಟ್ಟಿಗೆ, ಊರಿಗೆ ಮರಳಿ ಬಂದು ಹೇಳುವುದು ಸಂಶೋಧನೆಯ ಒಂದು ಭಾಗವೇ. ಅದನ್ನು ಮಾಡದವರು ಮುಂದೆ ಬರುವವರ ದಾರಿಯನ್ನೂ ಕೆಡಿಸುತ್ತಾರೆ.

ಆಶಾ, ತೀರ್ಥಹಳ್ಳಿ:

ಮೇಡಂ, ತುಂಬಾ ಉಪಕಾರ ಆಯಿತು. ಐಸ್ ವಿಷಯ ಈಗ ಅರ್ಥ ಆಯಿತು. ಇನ್ನೊಂದು ಕೇಳುತ್ತೇನೆ. ನಮ್ಮಲ್ಲಿ ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬಂದದ್ದುಂಟು. ಈಗ ಆ ಲಸಿಕೆಯೂ ಬರುತ್ತಿಲ್ಲ. ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ ಮಾತ್ರ ಹಂಚುತ್ತಿದ್ದೇವೆ. ಈ ರಕ್ತ ಕೊಡುವುದರಿಂದ ಲಸಿಕೆಗೆ ಏನಾದರೂ ಅನುಕೂಲ ಆಗುತ್ತದಾ? ಜನ ಕೇಳುವುದು ಕೊನೆಗೆ ಅದನ್ನೇ.

ಕೊಪ್ಪದ ಸೊಸೆ:

ನನ್ನದೂ ಒಂದು ಪ್ರಶ್ನೆ ಸೇರಿಸಬಹುದಾ? ನಮ್ಮ ಮಾವನವರಿಗೆ ಜ್ವರ ಬಿಟ್ಟು ಊಟ ಮಾಡಲು ಶುರು ಮಾಡಿದ್ದರು. ಆಮೇಲೆ ಮತ್ತೆ ಜ್ವರ, ತಡೆಯಲಾಗದ ತಲೆನೋವು, ಕೈ ನಡುಕ, ಮಾತು ಅಡ್ಡಾದಿಡ್ಡಿ. ಈಗ ಹುಷಾರಿದ್ದಾರೆ. ಡೆಂಗಿ ಎರಡನೇ ಸಲ ಬಂದರೆ ಜೋರು ಅಂತಾರಲ್ಲ, ಇದೂ ಹಾಗೆಯಾ? ಟಿ ಕೋಶ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಎರಡನೇ ಸಲ ಯಾಕೆ ಆಗಬೇಕು?

ಹೊಸನಗರದವಳು:

ಅಕ್ಕ, ಲಸಿಕೆಗೆ ಅನುಕೂಲ ಆಗುತ್ತದೆ, ನೇರವಾಗಿಯೇ. ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆ, ಫಾರ್ಮಲಿನ್‌ನಲ್ಲಿ ನಿಷ್ಕ್ರಿಯಗೊಳಿಸಿದ ವೈರಾಣುವಿನದ್ದು. 2005ರಿಂದ 2010ರವರೆಗಿನ ಮಾಹಿತಿ ನೋಡಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಶೇ 62.4, ಬೂಸ್ಟರ್ ಕೂಡ ಪಡೆದವರಿಗೆ ಶೇ 82.9 ರಕ್ಷಣೆ ಸಿಕ್ಕಿತ್ತು. ಅಂದರೆ ಹಾಕಿಸಿಕೊಂಡವರಿಗೂ ಜ್ವರ ಬರುವುದು ಆ ಅಂಕಿಯಲ್ಲೇ ಇದೆ, ನಿಮ್ಮ ಜನ ಸುಳ್ಳು ಹೇಳುತ್ತಿಲ್ಲ. 2022ರಲ್ಲಿ ಅದನ್ನು ನಿಲ್ಲಿಸಿದರು. ಸತ್ತ ವೈರಾಣು ನಮ್ಮ ಕೋಶದೊಳಗೆ ಹೊಕ್ಕು ಪ್ರೋಟೀನ್ ತಯಾರಿಸುವುದಿಲ್ಲ. ಹಾಗಾಗಿ ಪ್ರತಿಕಾಯ ಹುಟ್ಟಿಸುತ್ತದೆ, ಕೊಲ್ಲುವ ಟಿ ಕೋಶಗಳನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ವರ್ಷ ವರ್ಷ ಬೂಸ್ಟರ್ ಬೇಕಾಗುತ್ತಿದ್ದುದನ್ನು ನೀವೇ ನೋಡಿದ್ದೀರಿ. ಆಫ್ರಿಕಾಕ್ಕೆ ಹೋಗುವವರು ಹಾಕಿಸಿಕೊಳ್ಳುವ ಹಳದಿ ಜ್ವರದ ಲಸಿಕೆ ಇದೇ ವೈರಾಣು ಕುಟುಂಬದ್ದು, ಆದರೆ ದುರ್ಬಲಗೊಳಿಸಿದ ಜೀವಂತ ವೈರಾಣು. ಅದು ಟಿ ಕೋಶಗಳನ್ನೂ ಚೆನ್ನಾಗಿ ಎಬ್ಬಿಸುತ್ತದೆ, ಒಂದೇ ಡೋಸ್ ಜೀವಮಾನಕ್ಕೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಮಂಗನ ಕಾಯಿಲೆಗೆ ಹೊಸ ಲಸಿಕೆಯ ಕೆಲಸ ಮಾಡುತ್ತಿವೆ. ಯಾವ ಲಸಿಕೆ ಬಂದರೂ ಅದು ಚೆನ್ನಾಗಿದೆ ಎನ್ನಲು ಒಂದು ಅಳತೆ ಬೇಕಲ್ಲ? ಕಾಯಿಲೆ ಬಂದು ಗುಣವಾದವರ ಮೈಯಲ್ಲಿ ಉಳಿದಿರುವ ರಕ್ಷಣೆಯೇ ಆ ಅಳತೆ. ನಿಮ್ಮ ಜನ ಕೊಡುತ್ತಿರುವುದು ಅದನ್ನೇ.

ಕೊಪ್ಪದ ಅಕ್ಕ, ನಿಮ್ಮ ಮಾವನವರಿಗೆ ಆದದ್ದು ಎರಡನೇ ಸೋಂಕಲ್ಲ, ಅದೇ ಕಾಯಿಲೆಯ ಎರಡನೇ ಹಂತ. ಶೇ 10ರಿಂದ 20ರಷ್ಟು ರೋಗಿಗಳಲ್ಲಿ ಒಂದೆರಡು ವಾರ ಬಿಟ್ಟು ಹೀಗೆ ಮರಳುತ್ತದೆ, ಆಗ ನರಮಂಡಲದ ತೊಂದರೆ ಕಾಣುತ್ತದೆ. ಆದ್ದರಿಂದಲೇ ಜ್ವರ ಬಿಟ್ಟ ಮೇಲೂ ಕೆಲವು ವಾರ ಕಣ್ಣಿಡಬೇಕು. ತಲೆನೋವು, ನಡುಕ, ಗೊಂದಲ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಡೆಂಗಿಯ ದಾರಿ ಬೇರೆ. ಅದರಲ್ಲಿ ನಾಲ್ಕು ಬಗೆ ಇವೆ. ಮೊದಲ ಬಗೆಗೆ ಹುಟ್ಟಿದ ಪ್ರತಿಕಾಯ ಎರಡನೆಯ ಬಗೆಗೆ ಸಡಿಲವಾಗಿ ಅಂಟಿಕೊಂಡು, ಅದನ್ನು ಬಿಳಿ ರಕ್ತಕಣಗಳ ಒಳಗೇ ಸುಲಭವಾಗಿ ಸೇರಿಸಿಬಿಡುತ್ತದೆ. ಮಂಗನ ಕಾಯಿಲೆಯ ವೈರಾಣುವಿನಲ್ಲಿ ಹಾಗೆ ನಾಲ್ಕು ಬಗೆ ಇಲ್ಲ.

ಟಿ ಕೋಶ ಇದ್ದೂ ಯಾಕೆ ಹೀಗೆ ಎಂದು ಕೇಳಿದ್ದೀರಿ. ಕ್ಯಾನ್‌ಬೆರಾದ ಇಲಿಗಳ ಕಥೆಯಲ್ಲಿ ಒಂದು ಭಾಗ ಹೇಳಿರಲಿಲ್ಲ. ಆ ವೈರಾಣು ತಾನಾಗಿ ಮೆದುಳಿನ ಕೋಶವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಮೆದುಳಿಗೆ ವೈರಾಣು ಕೊಟ್ಟಾಗ ಇಲಿ ಸಾಯುವುದು ಟಿ ಕೋಶಗಳ ದಾಳಿಯಿಂದ; ಟಿ ಕೋಶ ಇಲ್ಲದ ಇಲಿ ಬದುಕುತ್ತದೆ. ಯುರೋಪಿನಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರ ನಮ್ಮ ಮಂಗನ ಕಾಯಿಲೆಯ ಹತ್ತಿರದ ಸಂಬಂಧಿ. ಅದರಿಂದ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿದಾಗ ಕೊಲ್ಲುವ ಟಿ ಕೋಶಗಳು ನರಕೋಶಗಳಿಗೆ ಅಂಟಿಕೊಂಡಿದ್ದವು. ಕಾಪಾಡುವ ಕೋಶವೇ ಕೆಲವು ಜಾಗದಲ್ಲಿ ಹಾನಿಯನ್ನೂ ಮಾಡಬಲ್ಲದು. ಹಾಗಾಗಿ ಎರಡನೇ ಹಂತ ಬಂದವರ ಮತ್ತು ಬಾರದವರ ಟಿ ಕೋಶಗಳನ್ನು ಹೋಲಿಸಿ ನೋಡುವುದು ಬಹಳ ಬೆಲೆಯ ಕೆಲಸ. ನಿಮ್ಮ ಮಾವನವರು ಒಪ್ಪಿದರೆ ಅಂಥ ಅಧ್ಯಯನಕ್ಕೆ ಅವರ ರಕ್ತ ದೊಡ್ಡ ಕೊಡುಗೆ. ಒಪ್ಪದಿದ್ದರೂ ಸರಿಯೇ, ಸಾಕಷ್ಟು ಅನುಭವಿಸಿದ್ದಾರೆ.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ:

ಆಶಾ ಅವರೇ, ರಕ್ತ ತೆಗೆದುಕೊಂಡೇ ಬದುಕು ಕಳೆದವನು ನಾನು. ಎರಡು ಮಾತು. ತಂಡದವರಿಗೆ ಬೆಳಿಗ್ಗೆ ಬೇಗ ಬರಲು ಹೇಳಿ. ಮಧ್ಯಾಹ್ನ ತೆಗೆದರೆ ಘಾಟಿ ಇಳಿದು ಲ್ಯಾಬ್ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ, ಟ್ಯೂಬಿನ ಹೊತ್ತೂ ಮೀರುತ್ತದೆ. ಕೊಡುವವರು ತಿಂಡಿ ತಿಂದು, ನೀರು ಕುಡಿದು ಕೂರಲಿ. ಬರೀ ಹೊಟ್ಟೆಯಲ್ಲಿ ಕೂತು ತಲೆ ಸುತ್ತಿ ಬಿದ್ದರೆ ಆಮೇಲೆ ಇಡೀ ಕೇರಿಯೇ ಬೇಡ ಅನ್ನುತ್ತದೆ. ಬಸುರಿಯರು, ರಕ್ತ ಕಡಿಮೆ ಇರುವವರು ಯಾರು ಅಂತ ನಿಮಗೇ ಚೆನ್ನಾಗಿ ಗೊತ್ತು, ಅದನ್ನು ಮೊದಲೇ ತಿಳಿಸಿ.

ಆಶಾ, ತೀರ್ಥಹಳ್ಳಿ:

ಎಲ್ಲರಿಗೂ ಧನ್ಯವಾದ. ನಾಳೆ ತಂಡದವರಿಗೆ ಮೊದಲೇ ಹೇಳುತ್ತೇನೆ, ಕೇರಿಯವರನ್ನು ಶಾಲೆ ಜಗಲಿಯಲ್ಲಿ ಕೂರಿಸಿ ಕಾಲು ಗಂಟೆ ಮಾತಾಡಿದ ಮೇಲೆಯೇ ಸೂಜಿ ಅಂತ. ಒಪ್ಪಿಗೆ ಪತ್ರದಲ್ಲಿ ಏನು ನೋಡಬೇಕು ಅಂತಲೂ ಹೇಳಿಬಿಡಿ ಮೇಡಂ. ನಮ್ಮ ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತುವವರು.

ಹೊಸನಗರದವಳು:

ಪತ್ರ ಕನ್ನಡದಲ್ಲೇ ಇರಬೇಕು. ಅಜ್ಜಿಗೆ ಅದನ್ನು ಪೂರ್ತಿ ಓದಿ ಹೇಳಬೇಕು, ಹೆಬ್ಬೆಟ್ಟು ಒತ್ತುವಾಗ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿ ಇದ್ದು ಸಹಿ ಹಾಕಬೇಕು. ಒಂದು ಪ್ರತಿ ಅಜ್ಜಿಯ ಮನೆಯಲ್ಲೇ ಉಳಿಯಬೇಕು. ನೀತಿ ಸಮಿತಿಯ ಒಪ್ಪಿಗೆ ಸಿಕ್ಕಿದೆಯೇ, ಪ್ರಶ್ನೆ ಇದ್ದರೆ ಯಾವ ಫೋನಿಗೆ ಮಾಡಬೇಕು ಎಂಬುದು ಅದರಲ್ಲಿ ಇದೆಯಾ ನೋಡಿ. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಸರಿದರೆ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ ಎಂಬ ಮಾತು ಇರಲೇಬೇಕು. ಉಳಿದ ಕೋಶಗಳನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿಟ್ಟು ವರ್ಷಗಟ್ಟಲೆ ಕಾಪಾಡಬಹುದು, ಹಾಗಾಗಿ ಮುಂದೆ ಬೇರೆ ಅಧ್ಯಯನಕ್ಕೆ ಬಳಸಲು ಒಪ್ಪಿಗೆಯನ್ನು ಬೇರೆಯಾಗಿಯೇ ಕೇಳಬೇಕು. ಅದಕ್ಕೆ ಬೇಡ ಎಂದು, ಇದಕ್ಕೆ ಮಾತ್ರ ಹೂಂ ಅನ್ನಬಹುದು. ಫಲಿತಾಂಶ ಹೇಳಲು ಊರಿಗೆ ಯಾವಾಗ ಬರುತ್ತೀರಿ ಎಂದು ಎಲ್ಲರ ಎದುರು ಕೇಳಿ, ತಿಂಗಳನ್ನು ಬರೆಸಿಕೊಳ್ಳಿ.